ಸ್ಪೀಡ್ ಇದೆ, ಮಾತು ಮಾತ್ರ ತಲುಪುತ್ತಿಲ್ಲ: ಮನೆಯ ಇಂಟರ್ನೆಟ್ ನಮ್ಮನ್ನು ಕಾಯಿಸುವುದೆಲ್ಲಿ?

ಸಾಗರದಲ್ಲಿರುವ ನನ್ನ ತಂಗಿ ಸಂಜೆ ಏಳರಿಂದ ಎಂಟರವರೆಗೆ ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಈ ಮಳೆಗಾಲದಲ್ಲಿ ಅವಳ ಮನೆಗೆ ಹೋಗಿದ್ದಾಗ ಪಕ್ಕದ ಕೋಣೆಯಲ್ಲಿ ಕೂತು ಒಂದು ಕ್ಲಾಸನ್ನು ಪೂರ್ತಿ ಕೇಳಿಸಿಕೊಂಡೆ. ಏಳೂಕಾಲರ ತನಕ ಎಲ್ಲ ಸುಗಮವಾಗಿತ್ತು. ಆಮೇಲೆ ಒಬ್ಬ ಹುಡುಗನ ದನಿ: "ಮಿಸ್, ನಿಮ್ಮ ವಾಯ್ಸ್ ಕಟ್ ಕಟ್ ಆಗ್ತಿದೆ." ಇನ್ನೊಬ್ಬಳು: "ಮಿಸ್, ಆಗ್ಲೇ ಕೇಳಿದ್ರಲ್ಲ ಪ್ರಶ್ನೆ, ಅದು ಈಗ ಬಂತು." ವರ್ಗ ಸಮೀಕರಣದ ಒಂದೇ ಹೆಜ್ಜೆಯನ್ನು ತಂಗಿ ಮೂರು ಸಲ ಹೇಳಿದಳು. ಏಳೂವರೆಗೆ ಎಲ್ಲ ತಾನಾಗಿಯೇ ಸರಿಹೋಯಿತು. ಯಾಕೆ ಕೆಟ್ಟಿತು, ಯಾಕೆ ಸರಿಯಾಯಿತು, ಯಾರಿಗೂ ಗೊತ್ತಾಗಲಿಲ್ಲ.

ಕ್ಲಾಸು ಮುಗಿಸಿ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಳು. ಆ ಕಡೆಯ ಹುಡುಗ ತಾಳ್ಮೆಯಿಂದಲೇ ಮಾತಾಡಿದ. "ಮೇಡಂ, ಒಂದ್ಸಲ ಸ್ಪೀಡ್ ಟೆಸ್ಟ್ ಹಾಕಿ ನೋಡಿ." 30 ಎಂಬಿಪಿಎಸ್ ಪ್ಲ್ಯಾನಿಗೆ 29 ಬಂತು. "ಸ್ಪೀಡ್ ಬರ್ತಿದೆಯಲ್ಲ ಮೇಡಂ. ನೂರರ ಪ್ಲ್ಯಾನಿಗೆ ಹಾಕಿಸ್ಕೊಳ್ಳಿ, ಸರಿಹೋಗತ್ತೆ." ಫೋನಿಟ್ಟು ನನ್ನ ಕಡೆ ತಿರುಗಿದಳು: "ಅಣ್ಣಾ, ಸ್ಪೀಡ್ ಇದೆ ಅಂತಾರೆ, ನನ್ನ ಮಾತು ಮಾತ್ರ ಮಕ್ಕಳಿಗೆ ತಲುಪೋದೇ ಇಲ್ಲ ನೋಡು. ಯಾರು ಸುಳ್ಳು ಹೇಳ್ತಿರೋದು?"

ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆ ಹುಡುಗ ಹೇಳಿದ್ದು ಒಂದು ಅಳತೆ, ತಂಗಿಗೆ ಬೇಕಾಗಿದ್ದುದು ಇನ್ನೊಂದು. ಒಂದು ಸೆಕೆಂಡಿನಲ್ಲಿ ಎಷ್ಟು ಮಾಹಿತಿ ಹಾದುಹೋಗಬಹುದು ಎಂಬುದನ್ನು ಎಂಬಿಪಿಎಸ್ ಹೇಳುತ್ತದೆ. ಪ್ಯಾಕೆಟ್ ಎಂದು ಕರೆಯುವ ಮಾಹಿತಿಯ ಒಂದು ಚಿಕ್ಕ ತುಣುಕು ಹೊರಟು, ಆ ಕಡೆ ಮುಟ್ಟಿ, ಉತ್ತರ ಹಿಂದಿರುಗಲು ಎಷ್ಟು ಹೊತ್ತು ಬೇಕು ಎಂಬುದು ಲೇಟೆನ್ಸಿ. ಗೇಮ್ ಆಡುವ ಹುಡುಗರು ಇದನ್ನೇ ಪಿಂಗ್ ಎನ್ನುತ್ತಾರೆ. ಸಿನಿಮಾ ಇಳಿಸಿಕೊಳ್ಳಲು ಮೊದಲನೆಯದು ಸಾಕು. ಮಾತಾಡಲು, ಪಾಠ ಮಾಡಲು, ಇಂಟರ್‌ವ್ಯೂ ಕೊಡಲು, ಆಡಲು, ದೂರದ ಕಂಪ್ಯೂಟರಿನಲ್ಲಿ ಕೆಲಸ ಮಾಡಲು ಎರಡನೆಯದೇ ಜೀವಾಳ. ನಮ್ಮಲ್ಲಿ ಮಾರುವುದು ಮೊದಲನೆಯದನ್ನು ಮಾತ್ರ.

ಬರೀ ಒಂದು ವೆಬ್ ಪುಟ ತೆರೆಯುವುದನ್ನೇ ನೋಡಿ. ಹೆಸರನ್ನು ಕೊಟ್ಟು ವಿಳಾಸ ಕೇಳಲು ಒಂದು ಸುತ್ತು, ಸಂಪರ್ಕ ಬೆಸೆಯಲು ಒಂದು ಸುತ್ತು, ಗೂಢಲಿಪಿಯ ಬೀಗ ಹೊಂದಿಸಿಕೊಳ್ಳಲು ಕಡಿಮೆಯೆಂದರೆ ಒಂದು, ಪುಟವನ್ನು ಕೇಳಿ ಪಡೆಯಲು ಇನ್ನೊಂದು. ಒಂದು ಸುತ್ತಿಗೆ 12 ಮಿಲಿಸೆಕೆಂಡ್ ಆದರೆ ಒಟ್ಟು 48. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಒಂದು ಸುತ್ತಿಗೆ 400 ಆದರೆ ಮೊದಲ ಅಕ್ಷರ ಕಾಣುವ ಮೊದಲೇ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಕಳೆದಿರುತ್ತದೆ. ಪ್ಲ್ಯಾನ್ 30 ಇರಲಿ 300 ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. "ನೆಟ್ ಸ್ಲೋ" ಎಂದು ನಾವು ಬೈಯುವಾಗ ಬಹಳ ಸಲ ಬೈಯುತ್ತಿರುವುದು ಇದನ್ನೇ.

ಮರುದಿನ ಸಂಜೆ ಲ್ಯಾಪ್‌ಟಾಪನ್ನು ತಂತಿಯಿಂದ ರೌಟರಿಗೆ ಸಿಕ್ಕಿಸಿ, ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ ಪಿಂಗ್ ಓಡಿಸಿಟ್ಟೆ. 1983ರಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಮ್ ಇದು. ಕತ್ತಲ ನೀರಿನಲ್ಲಿ ಸದ್ದು ಬಿಟ್ಟು ಪ್ರತಿಧ್ವನಿಗೆ ಕಾಯುವ ಸೋನಾರಿನ ಕ್ರಮವೇ ಇದಕ್ಕೆ ಮಾದರಿ. ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಇಂದಿಗೂ ಇದೆ. ಇಂಟರ್ನೆಟ್ಟಿನಲ್ಲಿ 1.1.1.1 ಎಂಬ ವಿಳಾಸಕ್ಕೆ ಸೆಕೆಂಡಿಗೊಂದು ಪ್ಯಾಕೆಟ್ ಹೋಗಿ ಬರುತ್ತಿತ್ತು: 12, 11, 13, 12 ಮಿಲಿಸೆಕೆಂಡ್. ಈ ಅಂಕಿ ಚೆನ್ನಾಗಿಯೇ ಇದೆ. ಉತ್ತರ ಬರುವುದು ಬೆಂಗಳೂರಿನಿಂದ ಎಂದಿಟ್ಟುಕೊಳ್ಳಿ. ಸಾಗರದಿಂದ ಅಲ್ಲಿಗೆ ರಸ್ತೆಯ ಲೆಕ್ಕದಲ್ಲಿ ಸುಮಾರು 370 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ ಹೋಗಿಬರಲು 4 ಮಿಲಿಸೆಕೆಂಡ್ ಸಾಕು. ಉಳಿದದ್ದು ಕೇಬಲ್ಲಿನ ಸುತ್ತುಬಳಸು, ನಡುವಿನ ಉಪಕರಣಗಳ ಪಾಲು.

ಏಳು ಗಂಟೆಯ ಹೊತ್ತಿಗೆ ತಂಗಿಯ ಮಗ ನೆಂಟರ ಮನೆಯಿಂದ ಬಂದ. ಅಲ್ಲಿ ಉಪನಯನ, ಅವನೇ ಫೋಟೊಗ್ರಾಫರ್. ಬಂದವನೇ ಫೋನನ್ನು ಚಾರ್ಜಿಗೆ ಸಿಕ್ಕಿಸಿ ಕೈಕಾಲು ತೊಳೆಯಲು ಹೋದ. ಕಿಟಕಿಯಲ್ಲಿ ಅಂಕಿಗಳು ಏರತೊಡಗಿದವು: 14, 96, 240, 388, 412, 405. ಅಲ್ಲಿಗೆ ಹೋಗಿ ನಿಂತವು, ಇಳಿಯಲಿಲ್ಲ. ಒಳಕೋಣೆಯಿಂದ ಮತ್ತೆ ಅದೇ ಮಾತು: "ಕೇಳಿಸ್ತಾ ಇದೆಯಾ? ಹಲೋ?" ಫೋನ್ ಎತ್ತಿ ನೋಡಿದೆ. ಆರುನೂರು ಚಿಲ್ಲರೆ ಫೋಟೊ, ನಾಲ್ಕೈದು ವಿಡಿಯೊ, ಒಟ್ಟು 3 ಜಿಬಿಯಷ್ಟು ಮಾಹಿತಿ ಮನೆಯ ವೈಫೈ ಸಿಕ್ಕಿದ್ದೇ ತಡ ಬ್ಯಾಕಪ್‌ಗೆ ಹೊರಟಿತ್ತು. 30 ಎಂಬಿಪಿಎಸ್‌ನಲ್ಲಿ 3 ಜಿಬಿ ಮೇಲೇರಲು ಹದಿಮೂರು ಹದಿನಾಲ್ಕು ನಿಮಿಷ ಬೇಕು. ಹಿಂದಿನ ದಿನವೂ ಕ್ಲಾಸು ಕೆಟ್ಟದ್ದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆವತ್ತೂ ಹುಡುಗ ಅಲ್ಲಿಗೇ ಹೋಗಿ ಬಂದಿದ್ದ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ತಂಗಿಯ ದನಿಗೆ ಬೇಕಾದ ಜಾಗ ಹೆಚ್ಚೆಂದರೆ 0.1 ಎಂಬಿಪಿಎಸ್. 30ರಲ್ಲಿ ಅದು ಮುನ್ನೂರರಲ್ಲೊಂದು ಪಾಲು. ಅಷ್ಟು ಜಾಗವೂ ಸಿಗಲಿಲ್ಲವೇ? ಸಿಕ್ಕಿತು. ಸಿಗುವ ಮೊದಲು ಸಾಲಿನಲ್ಲಿ ನಿಲ್ಲಬೇಕಾಯಿತು, ಅಷ್ಟೇ.

ನಮ್ಮೂರಿನ ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ಒಬ್ಬರು ಮದುವೆ ಮನೆಗೆಂದು ಹತ್ತು ಮೂಟೆ ಅಕ್ಕಿ ತಂದು ಜಗಲಿಯ ಮೇಲೆ ಇಳಿಸಿದ್ದಾರೆ. ಹಿಂದೆ ನೀವು, ಕೈಯಲ್ಲಿ ಎರಡು ಸೇರು ಗೋಧಿಯ ಡಬ್ಬಿ. ಗಿರಣಿ ಜೋರಾಗಿಯೇ ಓಡುತ್ತಿದೆ. ಗಂಟೆಗೆ ಇಷ್ಟು ಕೆ.ಜಿ. ಎಂದು ಅದರ ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ ಅಂಕ. ನಿಮ್ಮ ಡಬ್ಬಿ ಮಾತ್ರ ಮೂಟೆಗಳು ಮುಗಿಯುವ ತನಕ ಕಾಯಬೇಕು. ಜಗಲಿ ಚಿಕ್ಕದಿದ್ದಿದ್ದರೆ ಗಿರಣಿಯವರು "ಜಾಗ ಇಲ್ಲ ಮಾರಾಯ್ರೆ, ಎರಡು ಮೂಟೆ ಇಳಿಸಿ, ಉಳಿದದ್ದು ಆಮೇಲೆ ತನ್ನಿ" ಎನ್ನುತ್ತಿದ್ದರು. ಜಗಲಿ ದೊಡ್ಡದಿದ್ದಷ್ಟೂ ಮೂಟೆ ಹೆಚ್ಚು, ಹಿಂದಿನವರ ಕಾಯುವಿಕೆಯೂ ಹೆಚ್ಚು.

ರೌಟರಿನೊಳಗಿನ ಆ ಜಗಲಿಯೇ ಬಫರ್. ಮನೆಯೊಳಗಿನಿಂದ ಪ್ಯಾಕೆಟ್‌ಗಳು ವೇಗವಾಗಿ ಬರುತ್ತವೆ, ಹೊರಗಿನ ದಾರಿ ಕಿರಿದು. ನಡುವೆ ತಂಗಲು ಒಂದಿಷ್ಟು ಮೆಮೊರಿ ಇಟ್ಟಿರುತ್ತಾರೆ. ತಂಗಿಯ ಮನೆಯ ಅಂಕಿಗಳನ್ನು ಹಿಮ್ಮುಖವಾಗಿ ಲೆಕ್ಕ ಹಾಕಿದರೆ, ಸುಮಾರು 1.5 ಎಂಬಿಯಷ್ಟು ಪ್ಯಾಕೆಟ್‌ಗಳು ಅಲ್ಲಿ ಸಾಲು ನಿಂತಿದ್ದವು. ಒಂದು ಬೈಟಿಗೆ ಎಂಟು ಬಿಟ್, ಹಾಗಾಗಿ ಅದು 12 ಮೆಗಾಬಿಟ್. ಸೆಕೆಂಡಿಗೆ 30 ಮೆಗಾಬಿಟ್ ಹೋಗುವ ದಾರಿಯಲ್ಲಿ ಅಷ್ಟು ಕರಗಲು 0.4 ಸೆಕೆಂಡ್. ದನಿಯ ಪ್ರತಿಯೊಂದು ಪ್ಯಾಕೆಟ್ಟೂ ಆ ನಾನೂರು ಮಿಲಿಸೆಕೆಂಡ್ ನಿಂತು ಹೊರಡುತ್ತಿತ್ತು. ಕಾಲ್ ಆ್ಯಪ್‌ಗಳು ಬಂದ ದನಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಸಮ ಮಾಡಿ ಕೇಳಿಸುತ್ತವೆ. ವಿಳಂಬ ಒಮ್ಮೆಗೇ ಏರಿ ಇಳಿದಾಗ, ಹೊತ್ತು ಮೀರಿ ಬಂದ ತುಣುಕುಗಳನ್ನು ಎಸೆಯದೆ ಅವಕ್ಕೆ ಗತ್ಯಂತರವಿಲ್ಲ. ಆ ಎಸೆದ ತುಣುಕುಗಳೇ ಮಕ್ಕಳು ಹೇಳುವ "ಕಟ್ ಕಟ್". ಈ ಏರಿಳಿತಕ್ಕೆ ಜಿಟರ್ ಎಂದು ಹೆಸರು. ಸ್ಥಿರವಾದ 60 ಮಿಲಿಸೆಕೆಂಡಿಗಿಂತ 15ಕ್ಕೂ 300ಕ್ಕೂ ಜೀಕುವ ಸಂಪರ್ಕವೇ ಮಾತಿಗೆ ಹೆಚ್ಚು ತೊಂದರೆ ಕೊಡುತ್ತದೆ.

ಜಗಲಿ ಇಷ್ಟು ದೊಡ್ಡದಾದದ್ದಕ್ಕೆ ಕಾರಣ ಇದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡೂ ಜಾಗಗಳ ನಡುವಿನ ಅಂತರ 400 ಗಜ ಮಾತ್ರ. ಎಲ್ಲರೂ ಒಮ್ಮೆಗೇ ನುಗ್ಗಿ ಯಾರೂ ಮುಂದೆ ಹೋಗದ ಸ್ಥಿತಿ. ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ 1988ರಲ್ಲಿ ಇದಕ್ಕೊಂದು ಶಿಸ್ತು ತಂದರು: ಕಳುಹಿಸುವ ಕಂಪ್ಯೂಟರ್ ವೇಗವನ್ನು ಮೆಲ್ಲಗೆ ಏರಿಸುತ್ತ ಹೋಗಲಿ, ಒಂದು ಪ್ಯಾಕೆಟ್ ಬಿದ್ದುಹೋದರೆ ದಾರಿ ತುಂಬಿತೆಂದು ತಿಳಿದು ತಗ್ಗಿಸಲಿ. ಇಂಟರ್ನೆಟ್ ಇಷ್ಟು ವರ್ಷ ನಿಂತಿರುವುದು ಈ ಮರ್ಯಾದೆಯ ಮೇಲೆ. ಆದರೆ ಮೆಮೊರಿ ಅಗ್ಗವಾದ ಮೇಲೆ ಉಪಕರಣ ತಯಾರಿಸುವವರು ಪ್ಯಾಕೆಟ್ ಬೀಳುವುದನ್ನೇ ದೋಷವೆಂದುಕೊಂಡು ಬಫರುಗಳನ್ನು ಹಿಗ್ಗಿಸಿದರು. ಈಗ ಪ್ಯಾಕೆಟ್ ಬೀಳುವುದು ತಡವಾಗುತ್ತದೆ. ಕಳುಹಿಸುವವನಿಗೆ "ತುಂಬಿತು" ಎಂಬ ಸುದ್ದಿಯೂ ತಡ. ಅಷ್ಟರಲ್ಲಿ ಜಗಲಿ ಭರ್ತಿ.

2010ರಲ್ಲಿ ಇದನ್ನು ಹಿಡಿದವರು ಜಿಮ್ ಗೆಟ್ಟಿಸ್, ಅದೂ ತಮ್ಮ ಮನೆಯಲ್ಲೇ. ಇಂಟರ್ನೆಟ್ಟಿನ ಅಡಿಪಾಯದ ಕೆಲಸ ಮಾಡಿದ ಎಂಜಿನಿಯರ್ ಅವರು. ದೊಡ್ಡ ಫೈಲುಗಳನ್ನು ಕಳುಹಿಸುವಾಗೆಲ್ಲ ಮನೆಯ ಮಕ್ಕಳು ನೆಟ್ ನಿಧಾನ ಎಂದು ದೂರುತ್ತಿದ್ದರು. ಬೆನ್ನುಹತ್ತಿ ಹೋದಾಗ ಬಫರುಗಳ ಬೊಜ್ಜು ಕಂಡಿತು. ಅದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಎರಡು ವರ್ಷದಲ್ಲಿ, 2012ರಲ್ಲಿ, ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಪರಿಹಾರ ಕೊಟ್ಟರು. ಅದರ ಜಾಣತನ ನನಗೆ ತುಂಬಾ ಹಿಡಿಸಿತು. ಸಾಲು ಎಷ್ಟು ಉದ್ದವಿದೆ ಎಂದು ಅದು ನೋಡುವುದೇ ಇಲ್ಲ. ಒಬ್ಬೊಬ್ಬರು ಎಷ್ಟು ಹೊತ್ತು ನಿಂತರು ಎಂದು ನೋಡುತ್ತದೆ. 100 ಮಿಲಿಸೆಕೆಂಡಿನಷ್ಟು ಕಾಲ ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗೆ ಒಮ್ಮೆಯೂ ಇಳಿಯದಿದ್ದರೆ ಒಂದು ಪ್ಯಾಕೆಟ್ಟನ್ನು ಬೀಳಿಸಿ ಕಳುಹಿಸುವವನಿಗೆ ಸುದ್ದಿ ಮುಟ್ಟಿಸುತ್ತದೆ. ಆಮೇಲೆ ಇದಕ್ಕೆ ಇನ್ನೊಂದು ಗುಣ ಸೇರಿತು: ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು, ಚಿಕ್ಕ ಡಬ್ಬಿಯವರಿಗೆ ಮೊದಲು ದಾರಿ. ನಮ್ಮೂರ ಗಿರಣಿಯವರು ಮೂಟೆಗಳ ನಡುವೆ ನಿಲ್ಲಿಸಿ "ನಿಮ್ಮದೆಷ್ಟು, ಎರಡು ಸೇರಾ? ಕೊಡಿ ಇಲ್ಲಿ" ಎನ್ನುತ್ತಾರಲ್ಲ, ಅದೇ ಕ್ರಮ. ಎಫ್‌ಕ್ಯೂ-ಕೋಡೆಲ್ ಎಂಬ ಹೆಸರಿನಲ್ಲಿ 2018ರಲ್ಲಿ ಅದು ಇಂಟರ್ನೆಟ್ಟಿನ ದಾಖಲೆಗಳಿಗೆ ಸೇರಿತು. ಅದೇ ವರ್ಷ ಅದರ ಮುಂದಿನ ರೂಪವಾದ ಕೇಕ್ ಲಿನಕ್ಸ್‌ಗೆ ಬಂತು. ಈ ಕೆಲಸಕ್ಕೆ ಬಾಳನ್ನೇ ಕೊಟ್ಟ ಡೇವ್ ಟಾಟ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಇದೆಲ್ಲ ಉಚಿತ ಸಾಫ್ಟ್‌ವೇರ್. ಯಾರು ಬೇಕಾದರೂ ಬಳಸಬಹುದು. ಆದರೂ ನಮ್ಮ ಮನೆಗಳಿಗೆ ಕಂಪನಿಗಳು ಕೊಟ್ಟುಹೋಗುವ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ತಂಗಿಯ ಮನೆಯಲ್ಲಿ ಮೊದಲು ಮಾಡಿದ್ದು ಖರ್ಚಿಲ್ಲದ ಕೆಲಸ. ಮಗನ ಫೋನಿನ ಬ್ಯಾಕಪ್ ಆಫ್ ಮಾಡಿ, ಊಟವಾದ ಮೇಲೆ ಆನ್ ಮಾಡುವ ರೂಢಿ ಹಾಕಿದೆವು. ಲ್ಯಾಪ್‌ಟಾಪಿನಲ್ಲಿ ಒನ್‌ಡ್ರೈವ್, ಗೂಗಲ್ ಡ್ರೈವ್ ಇದ್ದರೆ ಅವುಗಳ ಸೆಟ್ಟಿಂಗ್‌ನಲ್ಲೇ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಬಹುದು. ಅಂಗಳದ ಸಿಸಿ ಕ್ಯಾಮೆರಾ ಕ್ಲೌಡಿಗೆ ವಿಡಿಯೊ ಕಳುಹಿಸುತ್ತಿದ್ದರೆ ಅದನ್ನೂ ನೋಡಿ; ಅದು ಹಗಲಿರುಳು ಮೂಟೆ ಇಳಿಸುವ ಗಿರಾಕಿ. ಇಷ್ಟರಿಂದಲೇ ಬಹಳ ಮನೆಗಳ ಗೋಳು ಅರ್ಧ ಇಳಿಯುತ್ತದೆ.

ಆದರೆ ಮನೆಯವರೆಲ್ಲ ಹೀಗೆ ಗಡಿಯಾರ ನೋಡಿಕೊಂಡು ಬದುಕಲಾಗುವುದಿಲ್ಲ. ಹಾಗಾಗಿ ಮುಂದಿನ ಸಲ ಹೋದಾಗ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ವ್ಯವಸ್ಥೆ ಹಾಕಬಹುದಾದ ಹಳೆಯ ರೌಟರೊಂದನ್ನು ಒಯ್ದು, ಕಂಪನಿಯ ಪೆಟ್ಟಿಗೆಗೂ ಮನೆಗೂ ನಡುವೆ ಇಟ್ಟೆ. ಅದರಲ್ಲಿ ಎಸ್‌ಕ್ಯೂಎಂ ಎಂಬ ಸಾಲು ನಿರ್ವಹಣೆಯ ಸೌಲಭ್ಯ ಆನ್ ಮಾಡಿ, ಏರುವ ವೇಗಕ್ಕೂ ಇಳಿಯುವ ವೇಗಕ್ಕೂ 27 ಎಂಬಿಪಿಎಸ್ ಎಂದು ಬರೆದೆ. ಮೂವತ್ತಿದ್ದದ್ದನ್ನು ಇಪ್ಪತ್ತೇಳು ಮಾಡುವುದೇ? ತಂಗಿ ಇದನ್ನೇ ಕೇಳಿದಳು. ಉತ್ತರ ಇದು: ಸಾಲು ಕಟ್ಟುವುದು ದಾರಿ ಎಲ್ಲಿ ಅತಿ ಕಿರಿದೋ ಅಲ್ಲಿ. ಆ ಕಿರಿದಾದ ಜಾಗ ಕಂಪನಿಯ ಪೆಟ್ಟಿಗೆಯಲ್ಲಿದ್ದರೆ ಸಾಲು ನಮ್ಮ ಮಾತು ಕೇಳುವುದಿಲ್ಲ. ನಮ್ಮ ರೌಟರನ್ನೇ ಕೂದಲೆಳೆಯಷ್ಟು ಕಿರಿದು ಮಾಡಿದರೆ ಸಾಲು ನಮ್ಮ ಕೈಗೆ ಬರುತ್ತದೆ. ಮಗನ ಫೋನಿನಿಂದ ಮತ್ತೆ ಒಂದು ರಾಶಿ ವಿಡಿಯೊ ಕಳುಹಿಸಿ ಪಿಂಗ್ ನೋಡಿದೆವು: 15, 18, 16, 21, 17. ಅಪ್‌ಲೋಡ್ ಮುಗಿಯಲು ಒಂದೂವರೆ ನಿಮಿಷ ಹೆಚ್ಚು ಹಿಡಿಯಿತು. ಅದು ಯಾರ ಗಮನಕ್ಕೂ ಬರಲಿಲ್ಲ.

ರೌಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಕ್ಯೂಒಎಸ್ ಎಂದು ಬರೆದಿದ್ದರೆ ಅದೇ ಇದು ಎಂದುಕೊಳ್ಳಬೇಡಿ. ಬಹಳ ರೌಟರುಗಳಲ್ಲಿ ಅದರರ್ಥ ಇಂಥ ಸಾಧನಕ್ಕೆ ಆದ್ಯತೆ ಎಂದಷ್ಟೇ. ಎಸ್‌ಕ್ಯೂಎಂ, ಕೇಕ್, ಎಫ್‌ಕ್ಯೂ-ಕೋಡೆಲ್ ಎಂಬ ಹೆಸರಿದೆಯೇ ಎಂದು ವಿಚಾರಿಸಿ.

ಹಾಗಾದರೆ ಸಹಾಯವಾಣಿಯ ಹುಡುಗ ಹೇಳಿದ ನೂರರ ಪ್ಲ್ಯಾನ್ ದಂಡವೇ? ಪೂರ್ತಿ ದಂಡವಲ್ಲ. ಅದೇ 1.5 ಎಂಬಿ ಸಾಲು 100 ಎಂಬಿಪಿಎಸ್‌ನಲ್ಲಿ 120 ಮಿಲಿಸೆಕೆಂಡಿನಲ್ಲಿ ಕರಗುತ್ತದೆ, ಫೋಟೊಗಳೂ ಬೇಗ ಮುಗಿಯುತ್ತವೆ. ಆದರೆ ಹೊರಗಿನ ದಾರಿ ಅಗಲವಾದಾಗ ಕಿರಿದಾದ ಜಾಗ ಬಹಳ ಮನೆಗಳಲ್ಲಿ ವೈಫೈಗೆ ಸರಿಯುತ್ತದೆ. ಆಗ ಸಾಲು ಅಲ್ಲಿ ಕಟ್ಟುತ್ತದೆ. ತಿಂಗಳ ಬಿಲ್ಲು ಏರಿಸಿಕೊಂಡು ಗೋಳು ಹಾಗೇ ಉಳಿದವರನ್ನು ನಾನು ಬೆಂಗಳೂರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ವೈಫೈಯದು ಬೇರೆಯೇ ಕಥೆ. ತಂತಿಯಲ್ಲಿ ಎರಡೂ ದಿಕ್ಕಿಗೆ ಒಮ್ಮೆಗೇ ಹೋಗಬಹುದು; ಗಾಳಿಯಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಮೂಲೆಯ ಕೋಣೆಯಲ್ಲಿರುವ ಹಳೆಯ ಫೋನು ಸಿಗ್ನಲ್ ಸಾಲದೆ ನಿಧಾನವಾಗಿ ಮಾತಾಡಿದರೆ, ಅದು ಮುಗಿಸುವ ತನಕ ರೌಟರಿನ ಪಕ್ಕದ ಹೊಸ ಲ್ಯಾಪ್‌ಟಾಪೂ ಬಾಯಿ ಮುಚ್ಚಿಕೊಂಡಿರಬೇಕು. ಪಕ್ಕದ ಮನೆಯ ವೈಫೈ ಅದೇ ಚಾನೆಲ್ಲಿನಲ್ಲಿದ್ದರೆ ಅದರ ಸರದಿಗೂ ಕಾಯಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದರೆ ಮೂವತ್ತು ವೈಫೈ ಹೆಸರು ಕಾಣುತ್ತವೆ. ಆ ಮೂವತ್ತೂ ಈ ಮೂರರಲ್ಲೇ ಜಾಗ ಮಾಡಿಕೊಳ್ಳಬೇಕು. ಮೈಕ್ರೊವೇವ್ ಒಲೆಯೂ ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಗಲಾಟೆ ಕಡಿಮೆ, ಆದರೆ ಗೋಡೆ ದಾಟುವ ಶಕ್ತಿಯೂ ಕಡಿಮೆ. ತಂಗಿಯ ಮನೆಯಂಥ ದಪ್ಪ ಜಂಬಿಟ್ಟಿಗೆ ಗೋಡೆ ಎರಡು ಅಡ್ಡ ಬಂದರೆ ಅದು ಸುಸ್ತು.

ತಪ್ಪು ಮನೆಯೊಳಗಿನದೋ ಹೊರಗಿನದೋ ಎಂದು ಬೇರ್ಪಡಿಸಲು ಒಂದು ಸುಲಭ ಉಪಾಯವಿದೆ. ಹೊರಗಿನ ವಿಳಾಸದ ಬದಲು ರೌಟರಿಗೇ ಪಿಂಗ್ ಮಾಡಿ. ಬಹಳ ಮನೆಗಳಲ್ಲಿ ಅದರ ವಿಳಾಸ 192.168.1.1 ಅಥವಾ 192.168.0.1. ತಂತಿಯಲ್ಲಿ 1 ಮಿಲಿಸೆಕೆಂಡಿಗೂ ಕಡಿಮೆ ಬರಬೇಕು. ಒಳ್ಳೆಯ ವೈಫೈಯಲ್ಲಿ ಎರಡು, ಮೂರು, ಐದು. ಹತ್ತು ಹೆಜ್ಜೆ ದೂರದ ರೌಟರಿಗೇ 80, 150 ಎಂದು ಕುಣಿಯುತ್ತಿದ್ದರೆ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಪರೀಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ಮಾಡಿ. ಸುಮ್ಮನಿರುವ ಫೋನುಗಳು ಬ್ಯಾಟರಿ ಉಳಿಸಲು ವೈಫೈಯನ್ನು ಆಗಾಗ ಮಲಗಿಸುವುದರಿಂದ ಅವುಗಳ ಅಂಕಿಯನ್ನು ನಂಬಲಾಗದು.

ಮನೆಯೊಳಗಿನ ತೊಂದರೆಗೆ ನನ್ನ ಅನುಭವದಲ್ಲಿ ಒಂದು ತಂತಿಗಿಂತ ಮಿಗಿಲಾದ ಮದ್ದಿಲ್ಲ. ತಂಗಿ ಪಾಠ ಮಾಡುವ ಮೇಜಿಗೆ ಹಾಲ್‌ನಿಂದ ಅಟ್ಟದ ಮೇಲೆ ಹಾಯಿಸಿ ಕ್ಯಾಟ್ 6 ಕೇಬಲ್ ಎಳೆದೆವು, ಇಪ್ಪತ್ತು ಮೀಟರ್. ಊರಿನ ಎಲೆಕ್ಟ್ರಿಷಿಯನ್ ಒಂದು ಬೆಳಗ್ಗೆ ಮುಗಿಸಿಕೊಟ್ಟರು. ತಂತಿ ಸಾಧ್ಯವಿಲ್ಲದಿದ್ದರೆ ರೌಟರನ್ನು ಟಿವಿಯ ಹಿಂದಿನಿಂದ, ಕಬ್ಬಿಣದ ಬೀರುವಿನ ಪಕ್ಕದಿಂದ ಎಬ್ಬಿಸಿ ಮನೆಯ ನಡುವೆ ಎತ್ತರದಲ್ಲಿಡಿ. ಸಿಗ್ನಲ್ ಹಿಗ್ಗಿಸುವ ರಿಪೀಟರ್ ಪೆಟ್ಟಿಗೆ ಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ಅದು ಕೇಳಿದ ಪ್ರತಿ ಮಾತನ್ನೂ ಗಾಳಿಯಲ್ಲಿ ಇನ್ನೊಮ್ಮೆ ಹೇಳುತ್ತದೆ; ಕಡ್ಡಿಗಳು ಹೆಚ್ಚಾಗಿ ಕಾಣುತ್ತವೆ, ಕಾಯುವಿಕೆಯೂ ಹೆಚ್ಚುತ್ತದೆ.

ಮನೆಯ ಬಾಗಿಲು ದಾಟಿದ ಮೇಲೆ ಕಂಪನಿಯ ಜಾಲ. ಬೆಳಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಮನೆಯಲ್ಲಿ ಬೇರೇನೂ ಓಡದಂತೆ ನೋಡಿಕೊಂಡು ತಂತಿಯಿಂದ ಪಿಂಗ್ ಮಾಡಿ. ಬೆಳಗ್ಗೆ 12 ಇದ್ದದ್ದು ರಾತ್ರಿ 90 ಆದರೆ ಸಾಲು ಅವರ ಜಗಲಿಯಲ್ಲಿದೆ. ಇದಕ್ಕೆ ನೀವು ಕೊಳ್ಳುವ ಯಾವ ರೌಟರೂ ಉತ್ತರವಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟು ದೂರು ಕೊಡಿ, ಆಗದಿದ್ದರೆ ಕಂಪನಿ ಬದಲಿಸಿ. ಮಹಡಿಯ ಮೇಲೆ ಆ್ಯಂಟೆನಾ ಇಟ್ಟು 5ಜಿ ಟವರಿನಿಂದ ಕೊಡುವ ಏರ್‌ಫೈಬರ್‌ಗಳಲ್ಲಿ ಕೊನೆಯ ದಾರಿಯೇ ಹಂಚಿಕೊಂಡ ರೇಡಿಯೊ. ಹಾಗಾಗಿ ನೆಲದ ಫೈಬರಿನಷ್ಟು ಸ್ಥಿರತೆಯನ್ನು ಅವುಗಳಿಂದ ನಿರೀಕ್ಷಿಸಬಾರದು. ಫೈಬರ್ ಬಾರದ ತೋಟದ ಮನೆಗಳಿಗೆ ಅವು ವರವೇ.

"ಯೂಟ್ಯೂಬ್ ಚೆನ್ನಾಗೇ ಓಡತ್ತಲ್ಲ" ಎಂಬ ಮಾತನ್ನು ಕಂಪನಿಯವರಿಂದ ಆಗಾಗ ಕೇಳುತ್ತೇವೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ವಿಡಿಯೊ ಮುಂದಿನ ಹಲವು ಸೆಕೆಂಡುಗಳದ್ದನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನವರು ತಮ್ಮ ದಾಸ್ತಾನು ಯಂತ್ರಗಳನ್ನು ಇಂಟರ್ನೆಟ್ ಕಂಪನಿಗಳ ಒಳಗೇ ಇಡಿಸುತ್ತಾರೆ. ಡಿಎನ್‌ಎಸ್ ಬದಲಿಸಿದರೆ ಪಿಂಗ್ ಇಳಿಯುತ್ತದೆ ಎಂಬ ಸಲಹೆಯೂ ಹಾಗೆಯೇ. ಡಿಎನ್‌ಎಸ್ ವಿಳಾಸ ಹುಡುಕಿಕೊಡುವ ತನಕದ ಕೆಲಸ ಮಾತ್ರ ಮಾಡುತ್ತದೆ. ಸೈಟು ತೆರೆಯುವುದು ಒಂದಿಷ್ಟು ಚುರುಕಾಗಬಹುದು, ಆಟದ ಲ್ಯಾಗ್ ಕಡಿಮೆಯಾಗದು.

ಇನ್ನುಳಿದದ್ದು ದೂರ. ಅದರ ಮುಂದೆ ಯಾರ ಆಟವೂ ನಡೆಯದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೆಟ್ಟನೆ ಅಳೆದರೂ ಸುಮಾರು 14,000 ಕಿಲೋಮೀಟರ್; ಗಾಜಿನೊಳಗೆ ಬೆಳಕು ಹೋಗಿಬರಲೇ 140 ಮಿಲಿಸೆಕೆಂಡ್. ಕೇಬಲ್ಲುಗಳು ನೆಟ್ಟನೆ ಹೋಗುವುದಿಲ್ಲ. ಬೆಂಗಳೂರಿನಿಂದ ಚೆನ್ನೈಗೋ ಮುಂಬೈಗೋ ಹೋಗಿ ಸಮುದ್ರಕ್ಕಿಳಿಯಬೇಕು. ಹಾಗಾಗಿ ಇನ್ನೂರು ದಾಟುವುದೇ ರೂಢಿ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಮಾತುಕತೆ ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಹಳೆಯ ಅಳತೆ. ಹೋಗಿಬರಲು ಇನ್ನೂರು ದಾಟಿದರೆ ಒಂದು ದಿಕ್ಕಿಗೆ ನೂರು ದಾಟಿತು; ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಸ್ಯಾನ್ ಹೋಸೆಯಲ್ಲಿರುವ ಮಗನ ಜೊತೆ ಇಲ್ಲಿಂದ ಮಾತಾಡುವ ತಾಯಿ ಆ ಗೆರೆಗೆ ಸಮೀಪದಲ್ಲೇ ಇರುತ್ತಾರೆ. ಅದರ ಮೇಲೆ ಮನೆಯ ವೈಫೈ ಒಂದು ನೂರು ಸೇರಿಸಿದರೆ ಇಬ್ಬರೂ ಒಟ್ಟಿಗೇ ಮಾತು ಶುರುಮಾಡಿ, ಒಟ್ಟಿಗೇ ನಿಲ್ಲಿಸಿ, "ನೀನು ಹೇಳು", "ಇಲ್ಲ ನೀನೇ ಹೇಳಮ್ಮ" ಆಗುತ್ತದೆ. ಸಮುದ್ರದ ಇನ್ನೂರನ್ನು ತೆಗೆಯಲಾಗದು, ಮನೆಯ ನೂರನ್ನು ತೆಗೆಯಬಹುದು.

ಸಮುದ್ರವೂ ಸದಾ ಒಂದೇ ಥರ ಇರುವುದಿಲ್ಲ. 2025ರ ಸೆಪ್ಟೆಂಬರ್ 6ರಂದು ಕೆಂಪು ಸಮುದ್ರದಲ್ಲಿ ಜೆಡ್ಡಾ ಬಳಿ ಕೇಬಲ್ಲುಗಳು ತುಂಡಾದಾಗ ಭಾರತದಿಂದ ಪಶ್ಚಿಮಕ್ಕೆ ಹೋಗುವ ಸಂಚಾರ ಬಳಸುದಾರಿ ಹಿಡಿಯಬೇಕಾಯಿತು. ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಬಳಕೆದಾರರಿಗೆ ವಿಳಂಬ ಹೆಚ್ಚಲಿದೆ ಎಂದು ಎಚ್ಚರಿಕೆ ಕೊಟ್ಟಿತು. ನಮ್ಮ ದೇಶದೊಳಗಿನ ಸಂಚಾರ ಹೊರದೇಶ ಸುತ್ತಿಬರದೆ ಇಲ್ಲೇ ಕೈಬದಲಾಗಲೆಂದು 2003ರಲ್ಲಿ ನಿಕ್ಸಿ ಎಂಬ ಇಂಟರ್ನೆಟ್ ಸಂತೆ ಹುಟ್ಟಿದ್ದು ಇಂಥ ಬಳಸುದಾರಿ ತಪ್ಪಿಸಲೆಂದೇ.

ಇಷ್ಟು ದಿನ ನಮ್ಮ ನಿಯಮಗಳೂ ವೇಗದ ಬೆನ್ನು ಹತ್ತಿದ್ದವು. 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿದ್ದು ಸುದ್ದಿಯಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲಿ ಮಾಡಿದ ಗುಣಮಟ್ಟದ ನಿಯಮದಲ್ಲಿ ಲೇಟೆನ್ಸಿಗೂ 120 ಮಿಲಿಸೆಕೆಂಡಿನ ಮಿತಿ ಇತ್ತು. ಆದರೆ ಅಳತೆ ಶುರುವಾಗುತ್ತಿದ್ದುದು ಕಂಪನಿಯ ಜಾಲದ ಹೆಬ್ಬಾಗಿಲಾದ ಗೇಟ್‌ವೇಯಿಂದ, ನಮ್ಮ ಮನೆಯ ಹಾಲ್‌ನಿಂದಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ ಲೇಟೆನ್ಸಿಯ ಜೊತೆಗೆ ಜಿಟರ್, ಪ್ಯಾಕೆಟ್ ನಷ್ಟಗಳೂ ಇವೆ. ಒಳ್ಳೆಯ ಹೆಜ್ಜೆ. ನಾನು ಕೇಳುವುದು ಇನ್ನೊಂದು ಹೆಜ್ಜೆ: ದಾರಿ ತುಂಬಿದಾಗಿನ ಲೇಟೆನ್ಸಿಯನ್ನೂ ಅಳೆದು, ಪ್ಲ್ಯಾನಿನ ಬೆಲೆಯ ಪಕ್ಕದಲ್ಲೇ ಛಾಪಿಸಬೇಕು. ಖಾಲಿ ರಸ್ತೆಯಲ್ಲಿ ಬಸ್ಸು ಎಷ್ಟು ಬೇಗ ಬರುತ್ತದೆ ಎಂಬುದರಿಂದ ನಮಗೇನಾಗಬೇಕು? ನಮಗೆ ಬೇಕಾದದ್ದು ಸಂಜೆ ಏಳೂಕಾಲರ ಲೆಕ್ಕ. ಅಳೆಯುವ ಸಾಧನಗಳಂತೂ ಈಗಲೇ ಇವೆ. ಫಾಸ್ಟ್ ಡಾಟ್ ಕಾಮ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಹೆಚ್ಚಿನ ಮಾಹಿತಿ ಕೇಳಿದರೆ ಸುಮ್ಮನಿದ್ದಾಗಿನ ಲೇಟೆನ್ಸಿ, ಹೊರೆ ಬಿದ್ದಾಗಿನ ಲೇಟೆನ್ಸಿ ಎಂದು ಎರಡು ಅಂಕಿ ಬರುತ್ತವೆ. ಎರಡರ ನಡುವಿನ ಅಂತರವೇ ನಿಮ್ಮ ಮನೆಯ ಸಾಲು.

ತಂಗಿಯ ಮನೆಗೆ ಲೈನು ನೋಡಿಕೊಳ್ಳುವ ಹುಡುಗ ಮಳೆಗೆ ಹರಿದ ಕೇಬಲ್ ಸರಿಮಾಡಲು ಬಂದಿದ್ದ. ಹೊಸ ಪೆಟ್ಟಿಗೆ ಕಂಡು ಇದೇನೆಂದು ಕೇಳಿದ. ಅಪ್‌ಲೋಡ್ ಶುರುಮಾಡಿ, ಎಸ್‌ಕ್ಯೂಎಂ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ ಪಿಂಗ್ ತೋರಿಸಿದೆ. ಅಂಕಿ ನಾನೂರರಿಂದ ಇಪ್ಪತ್ತಕ್ಕೆ ಇಳಿದದ್ದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಸರ್, ಇದನ್ನ ಮನೆಮನೆಗೆ ಹಾಕೋ ಬದ್ಲು ನಮ್ಮ ಆಫೀಸಲ್ಲೇ ಒಂದು ಹಾಕಿದ್ರೆ ಆಗಲ್ವಾ?" ಆಗುತ್ತದೆ. ಡೇವ್ ಟಾಟ್ ಕೊನೆಯ ವರ್ಷಗಳಲ್ಲಿ ದುಡಿದದ್ದು ಅದಕ್ಕೇ. ಲಿಬ್ರೆಕ್ಯೂಒಎಸ್ ಎಂಬ ಉಚಿತ ಸಾಫ್ಟ್‌ವೇರನ್ನು ಒಂದು ಲಿನಕ್ಸ್ ಸರ್ವರಿನಲ್ಲಿ ಹಾಕಿ ಚಿಕ್ಕ ಕಂಪನಿಯೊಂದು ತನ್ನ ಎಲ್ಲ ಗಿರಾಕಿಗಳ ಸಾಲನ್ನೂ ಕೇಕ್ ಕ್ರಮದಲ್ಲಿ ನೋಡಿಕೊಳ್ಳಬಹುದು. ಹೆಸರನ್ನು ಕನ್ನಡದಲ್ಲೇ ಅಂಗೈ ಮೇಲೆ ಬರೆದುಕೊಂಡು, ಓನರಿಗೆ ಹೇಳಿ ನೋಡ್ತೀನಿ ಎಂದು ಏಣಿ ಹೊತ್ತುಕೊಂಡು ಹೋದ.